ಕಾಲುವೆ ಕಡಿದು ಆದ ದ್ವೀಪ

ನಮಸ್ಕಾರ ಕೇಳುಗರೇ. ಮಗನ ಮನೆ, ಮಗಳ ಮನೆ ಅಂತ ಟೊರೊಂಟೊಗೆ ಹೋಗಿಬರುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಈ ಮಾತು ನಿಮಗಾಗಿ. ಅಲ್ಲಿಂದ ಪೂರ್ವಕ್ಕೆ ಎರಡು, ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಪ್ರಿನ್ಸ್ ಎಡ್ವರ್ಡ್ ಕೌಂಟಿ ಸಿಗುತ್ತದೆ. ಕೌಂಟಿ ರೀ, ನಮ್ಮ ಜಿಲ್ಲೆ ಇದ್ದ ಹಾಗೆ, ಐಲ್ಯಾಂಡ್ ಅಲ್ಲ. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಇರುವುದು ದೂರದ ಅಟ್ಲಾಂಟಿಕ್ ಕಡೆ. ಪ್ರತಿ ಸಲವೂ ಯಾರಾದರೂ "ಓ, ಆ ದ್ವೀಪವಾ?" ಅಂತಾರೆ, ಪ್ರತಿ ಸಲವೂ ನಾನು ತಿದ್ದಬೇಕು.

ಎರಡಕ್ಕೂ ಹೆಸರು ಬಂದದ್ದು ಒಬ್ಬನೇ ರಾಜಕುಮಾರ ಎಡ್ವರ್ಡ್‌ನಿಂದ, ಮೂರನೇ ಜಾರ್ಜ್‌ನ ಮಗ, ಮುಂದೆ ವಿಕ್ಟೋರಿಯಾ ರಾಣಿಯ ಅಪ್ಪ ಆದವನು. ಕೌಂಟಿಗೆ ಹೆಸರು ಬಂದದ್ದು 1792ರಲ್ಲಿ, ದ್ವೀಪಕ್ಕೆ 1799ರಲ್ಲಿ. ಅಂದರೆ ನಮ್ಮ ಕೌಂಟಿಯೇ ಅಕ್ಕ.

ಈಗ ತಮಾಷೆ ಕೇಳಿ. ಇವತ್ತು ಈ ಕೌಂಟಿಯೂ ದ್ವೀಪವೇ! ಆದರೆ ಹುಟ್ಟಿನಿಂದ ಅಲ್ಲ. ಒಂಟಾರಿಯೊ ಸರೋವರಕ್ಕೆ ಚಾಚಿದ ನೆಲ ಅದು, ಒಂದು ಮೂಲೆಯಲ್ಲಿ ಮಾತ್ರ ದಡಕ್ಕೆ ಅಂಟಿಕೊಂಡಿತ್ತು. ಆ ಮೂಲೆಯ ಹೆಸರು ಕ್ಯಾರಿಯಿಂಗ್ ಪ್ಲೇಸ್, ಹೊತ್ತು ಸಾಗಿಸುವ ಜಾಗ. ಅಲೆಯೆದ್ದ ಸರೋವರದಲ್ಲಿ ಸುತ್ತಿ ಬರುವ ಬದಲು ಅಲ್ಲಿನ ಮೂಲನಿವಾಸಿಗಳು ದೋಣಿಯನ್ನೇ ಹೆಗಲಿಗೇರಿಸಿ ಆ ಕಡೆಗೆ ನಡೆಯುತ್ತಿದ್ದರು. ಆಮೇಲೆ ಮರ್ರಿ ಕಾಲುವೆ ಕಡಿದರು. ಎಂಟು ಕಿಲೋಮೀಟರ್ ಉದ್ದ, ದೋಣಿಯನ್ನು ನೀರಿನ ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್ ಗೇಟು ಒಂದೂ ಇಲ್ಲ, 1889ರಲ್ಲಿ ಸಂಚಾರ ಶುರುವಾಯಿತು. ಕೌಂಟಿ ಆದದ್ದು 1792, ದ್ವೀಪ ಆದದ್ದು 1889. ಇದೊಂದು ನೆನಪಿಟ್ಟುಕೊಳ್ಳಿ ಸಾಕು.

ನಾನು ಹೋದ ದಿನ ಅಲ್ಲಿನ ತಿರುಗು ಸೇತುವೆಯ ಮುಂದೆ ಕಾರು ನಿಂತಿತು. ಅಡ್ಡಗೋಲು ಇಳಿಯಿತು, ಗಂಟೆ ಬಾರಿಸಿತು, ರಸ್ತೆ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ತಿರುಗಿಕೊಂಡಿತು. ಅಳಿಯನಿಗೆ ಹಸಿವು, ಮೊಮ್ಮಗಳಿಗೆ ಬೇಜಾರು, ನಾನೋ ಕೆಳಗಿಳಿದು ಬೇಲಿ ಹಿಡಿದು ನಿಂತೆ. ಇಷ್ಟೆಲ್ಲಾ ಆರ್ಭಟ ಯಾವ ಹಡಗಿಗೆ ಅಂತ ನೋಡಿದರೆ ಒಂದು ಪುಟ್ಟ ಹಾಯಿದೋಣಿ, ಅದರಲ್ಲಿ ಟೋಪಿ ಹಾಕಿದ ಮುದುಕ, ಒಂದು ಕಂದು ನಾಯಿ. ಸಾಲುಗಟ್ಟಿ ನಿಂತ ನಮ್ಮನ್ನೆಲ್ಲ ನೋಡಿ ಆ ನಾಯಿ ಬೊಗಳುತ್ತಾ ಬೊಗಳುತ್ತಾ ಹೋಯಿತು. ನಲವತ್ತು ವರ್ಷ ಭೂಗೋಳ ಪಾಠ ಮಾಡಿದ್ದೇನೆ, ದ್ವೀಪ ಅಂದರೇನು ಅಂತ ನನಗೆ ಗೊತ್ತಾದದ್ದು ಅವತ್ತೇ. ಸೇತುವೆ ತಿರುಗಿದರೆ ದಾರಿ ಇಲ್ಲ, ಅಷ್ಟೇ!

ಅಯ್ಯೋ, ಗಡಿಯಾರ ತೋರಿಸುತ್ತಿದ್ದಾರೆ. ಆಡಳಿತದ್ದು ಬೇಗ ಮುಗಿಸುತ್ತೇನೆ. 1784ರಲ್ಲಿ ಅಮೆರಿಕದಿಂದ ಬ್ರಿಟಿಷ್ ರಾಜನ ನಿಷ್ಠರು ವಲಸೆ ಬಂದಾಗ ಇಲ್ಲಿನ ಟೌನ್‌ಶಿಪ್‌ಗಳಿಗೆ ಬರೀ ನಂಬರು: ಐದು, ಆರು, ಏಳು. ನಮ್ಮ ಹೋಬಳಿ ಅಂದುಕೊಳ್ಳಿ. ಆಮೇಲೆ ರಾಜನ ಹೆಣ್ಣುಮಕ್ಕಳ ಹೆಸರು ಬಂತು: ಮೇರಿಸ್‌ಬರ್ಗ್, ಸೋಫಿಯಾಸ್‌ಬರ್ಗ್, ಅಮೀಲಿಯಾಸ್‌ಬರ್ಗ್. ಅಣ್ಣನ ಹೆಸರಿನ ಕೌಂಟಿಯೊಳಗೆ ಮೂವರು ತಂಗಿಯರು! ಕಾಲಕ್ರಮದಲ್ಲಿ ಟೌನ್‌ಶಿಪ್ಪು, ಹಳ್ಳಿ, ಪಿಕ್ಟನ್ ಪಟ್ಟಣ ಸೇರಿ ಹತ್ತು ಸ್ಥಳೀಯ ಸಂಸ್ಥೆಗಳಾದವು, ಮೇಲೆ ಕೌಂಟಿಯದ್ದು ಇನ್ನೊಂದು. 1998ರಲ್ಲಿ ಎಲ್ಲವನ್ನೂ ಒಂದೇ ಮಾಡಿದರು. ದರ್ಜೆಯಲ್ಲಿ ಅದೀಗ ಸಿಟಿ, ಇರುವ ಜನ 25 ಸಾವಿರ ಚಿಲ್ಲರೆ, ಎಲ್ಲಿ ನೋಡಿದರೂ ಹೊಲ. ಹೆಸರು ಮಾತ್ರ ಕೌಂಟಿಯೇ, ಬಿಟ್ಟುಕೊಡಲಿಲ್ಲ.

ಗ್ಲೆನೋರಾ ಕಡೆಯಿಂದ ಹೋಗಿ, ಅಲ್ಲಿ ಕಾರು ದಾಟಿಸುವ ಫೆರ್ರಿಗೆ ದುಡ್ಡು ಕೊಡಬೇಕಿಲ್ಲ. ವಾಪಸ್ಸು ಬರುವಾಗ ಕಾಲುವೆ ದಾರಿ ಹಿಡಿಯಿರಿ. ಸ್ಯಾಂಡ್‌ಬ್ಯಾಂಕ್ಸ್‌ನ ಮರಳು ದಿಬ್ಬಗಳ ಬಗ್ಗೆ ಹೇಳಬೇಕೆಂದಿದ್ದೆ, ನಾಯಿಯಿಂದಾಗಿ ಉಳಿದುಹೋಯಿತು. ನಮಸ್ಕಾರ.