ಇನ್ನೊಬ್ಬರ ಮನೆಯ ಉಸಾಬರಿ

ಎಲ್ಲರಿಗೂ ನಮಸ್ಕಾರ.

ಅಮೀನಗಡದಲ್ಲಿ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತವರು, ಎಲ್ಲಿಗೆ ಹೊರಟ್ರಿ ಮಾಸ್ತರ ಎಂದು ಕೇಳಿದರು. ಬಾಗಲಕೋಟೆಯಲ್ಲಿ ಉಪನ್ಯಾಸ ಇದೆ, ಬೇರೆ ದೇಶದೊಳಗೆ ಅಂತರ್ಯುದ್ಧ ನಡೆದಾಗ ಹೊರಗಿನವರು ಸೈನ್ಯ ಕಳಿಸಬೇಕೋ ಬೇಡವೋ ಎಂಬುದು ವಿಷಯ ಎಂದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಉಳ್ಳಾಗಡ್ಡಿ ರೇಟ್ ನೆಲಾ ಕಚ್ಚೇದ, ನಿಮಗ್ಯಾಕ್ರೀ ಆ ಉಸಾಬರಿ?" ಎಂದರು.

ಅರ್ಧ ಭಾಷಣ ನನಗೆ ಅಲ್ಲೇ ಸಿಕ್ಕಿತು. ಈ ವಿಷಯಕ್ಕೆ ತಜ್ಞರು ದೊಡ್ಡ ದೊಡ್ಡ ಪದ ಬಳಸುತ್ತಾರೆ. ಮಾನವೀಯ ಮಧ್ಯಪ್ರವೇಶ, ರಕ್ಷಣೆಯ ಹೊಣೆ, ಶಾಂತಿಪಾಲನೆ. ನನಗೆ ಉಸಾಬರಿ ಎಂಬುದೇ ಸರಿಯಾದ ಪದ ಅನ್ನಿಸಿತು. ಪಕ್ಕದ ಮನೆಯಲ್ಲಿ ಗಂಡ ಕೊಡಲಿ ಎತ್ತಿದಾಗ ಕದ ಮುರಿದು ಒಳಗೆ ಹೋಗುವುದೂ ಉಸಾಬರಿಯೇ. ಅಣ್ಣ-ತಮ್ಮರ ವಾಟ್ನಿ (ಆಸ್ತಿ ಪಾಲು) ಜಗಳದಲ್ಲಿ ತಮ್ಮನ ವಕೀಲರ ಫೀಸು ತಾನೇ ಕಟ್ಟಿ, ಆಮೇಲೆ ಬದುವಿನ ಕಡೆಯ ಎರಡು ಎಕರೆ ಬರೆಸಿಕೊಳ್ಳುವುದೂ ಉಸಾಬರಿಯೇ. ಎರಡೂ ಕಡೆ ಬಂದವನು ಹೇಳುವುದು ಒಂದೇ ಮಾತು: ನೋಡಲಾರದೆ ಬಂದೆ.

ಐಹೊಳೆಯ ಮೇಗುಟಿ ಗುಡ್ಡ ಹತ್ತಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮೇಲಿನ ಬಸದಿಯ ಗೋಡೆಯಲ್ಲಿ 634ರ ರವಿಕೀರ್ತಿಯ ಶಾಸನ ಇದೆ. ಹರ್ಷನ ಹರ್ಷ ಇಳಿಯಿತು ಎಂಬ ಸಾಲನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಅದಕ್ಕಿಂತ ಮೊದಲಿನ ಸಾಲುಗಳ ಗೋಜಿಗೆ ಯಾರೂ ಹೋಗುವುದಿಲ್ಲ. ಅಲ್ಲಿರುವುದು ಬಾದಾಮಿಯ ಮನೆಜಗಳ. ಚಿಕ್ಕಪ್ಪ ಮಂಗಳೇಶ ರಾಜ್ಯವನ್ನು ತನ್ನ ಮಗನಿಗೆ ಕೊಡಲು ನೋಡಿದ. ಅಣ್ಣನ ಮಗ ಪುಲಕೇಶಿ ಹೊರಗೆ ಹೋಗಿ ದಂಡು ಕಟ್ಟಿದ. ಚಿಕ್ಕಪ್ಪ ಸತ್ತ, ನಾಡೆಲ್ಲ ಕತ್ತಲಾಯಿತು. ಆ ಕತ್ತಲನ್ನೇ ಕಾಯುತ್ತಿದ್ದವರ ಹಾಗೆ ಅಪ್ಪಾಯಿಕ ಮತ್ತು ಗೋವಿಂದ ಎಂಬಿಬ್ಬರು ಆನೆಗಳ ದಂಡು ಕಟ್ಟಿಕೊಂಡು ಭೀಮಾ ನದಿಯ ಕಡೆಗೆ ಬಂದರು. ಒಬ್ಬನಿಗೆ ಭಯದ ರುಚಿ ಗೊತ್ತಾಯಿತು, ಇನ್ನೊಬ್ಬ ತಾನು ಮಾಡಿದ ಉಪಕಾರಕ್ಕೆ ಕೂಡಲೇ ಫಲ ಪಡೆದ ಎನ್ನುತ್ತಾನೆ ರವಿಕೀರ್ತಿ.

ಇಬ್ಬರೂ ಬಂದದ್ದು ಒಂದೇ ಆಸೆಗೆ. ಅವರಲ್ಲಿ ಯಾರು ಶತ್ರು, ಯಾರು ಉಪಕಾರಿ ಎಂದು ಕಲ್ಲಿನ ಮೇಲೆ ಬರೆಸಿದವನು ಮಾತ್ರ ಮನೆಯೊಳಗೆ ಗೆದ್ದವನು. ಹೊರಗಿನಿಂದ ಹೋದವನ ಹೆಸರು ಒಳಗಿನವರ ಕೈಯಲ್ಲಿರುತ್ತದೆ. ನಮ್ಮ ಸೈನ್ಯ ಇದನ್ನು ಶ್ರೀಲಂಕಾದಲ್ಲಿ ಬಹಳ ದುಬಾರಿ ಬೆಲೆ ಕೊಟ್ಟು ಕಲಿಯಿತು. (ಸುಲ್ತಾನರ ಜಗಳಗಳಲ್ಲಿ ಕೈಹಾಕಿದ ವಿಜಯನಗರದ ರಾಮರಾಯನ ಉದಾಹರಣೆ ಯಾಕಿಲ್ಲ ಎಂದು ಮುಂದಿನ ಸಾಲಿನವರು ಆಗಲೇ ನನ್ನನ್ನು ನೋಡುತ್ತಿದ್ದಾರೆ. ಬೇಕಂತಲೇ ಬಿಟ್ಟಿದ್ದೇನೆ. ರಕ್ಕಸಗಿ-ತಂಗಡಗಿ, ಅಂದರೆ ತಾಳಿಕೋಟೆ ಯುದ್ಧ, ಎಂದರೆ ಸಾಕು, ಮಾತು ಬೇರೆ ಎಲ್ಲಿಗೋ ಹೋಗುತ್ತದೆ.)

1987ರಲ್ಲಿ ನಾನು ಮಾಸ್ತರಿಕೆಗೆ ಹೊಸಬ. ನಮ್ಮ ಓಣಿಯ ಹುಡುಗನೊಬ್ಬ ಬೆಳಗಾವಿಗೆ ಹೋಗಿ ಮರಾಠಾ ರೆಜಿಮೆಂಟಿಗೆ ಭರ್ತಿಯಾಗಿದ್ದ. ಅವನನ್ನು ಉತ್ತರ ಶ್ರೀಲಂಕಾದ ಜಾಫ್ನಾಕ್ಕೆ ಕಳಿಸಿದರು. ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯ ನೆಲೆ ಅದು. ಹೆಸರು ಬೇಡ, ಅವನಿಗೆ ಹೆಸರು ಹೇಳಿಸಿಕೊಳ್ಳುವುದು ಸೇರುವುದಿಲ್ಲ. ತಿರುಗಿ ಬಂದ ಮೇಲೆ ಬಹಳ ದಿನ ಏನೂ ಮಾತಾಡಲಿಲ್ಲ. ಒಂದು ಸಲ ಕಟ್ಟೆಯ ಮೇಲೆ ಕೂತಾಗ ಇಷ್ಟು ಹೇಳಿದ: "ಸರ, ಮೊದಲನೇ ದಿವಸ ಹಾರಾ ಹಾಕಿ ಚಹಾ ಕುಡಿಸಿದ ಮನಿಯವ್ರು ಎರಡ ತಿಂಗಳಿಗೆ ನಮ್ಮನ್ನ ನೋಡಿದ್ರ ಕದಾ ಹಾಕ್ಕೋತಿದ್ರು. ತಪ್ಪು ಅವರದಲ್ಲ ಬಿಡ್ರಿ. ಕದಾ ತಗದಿದ್ರ ರಾತ್ರಿ ಎಲ್‌ಟಿಟಿಇಯವ್ರು ಬಂದು ಕೇಳ್ತಿದ್ರು."

ಅಲ್ಲಿ ಏನಾಯಿತು ನೋಡಿ. 1983ರಲ್ಲಿ ಕೊಲಂಬೊದಲ್ಲಿ ತಮಿಳರ ಕಗ್ಗೊಲೆಯಾಯಿತು. ಆಮೇಲೆ ನಾವೇ ತಮಿಳು ಹುಡುಗರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದೆವು. 1987ರ ಜೂನ್ 4ರಂದು ಜಾಫ್ನಾದ ಮೇಲೆ ವಿಮಾನದಿಂದ ಆಹಾರದ ಮೂಟೆ ಉದುರಿಸಿದೆವು. ಜುಲೈ 29ಕ್ಕೆ ಒಪ್ಪಂದ. ಸಹಿ ಹಾಕಿದವರು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ. ಬಂದೂಕು ಹಿಡಿದಿದ್ದ ಎಲ್‌ಟಿಟಿಇ ನಾಯಕ ಪ್ರಭಾಕರನ್ ಸಹಿ ಅದರಲ್ಲಿಲ್ಲ. ನಮ್ಮ ಊರಲ್ಲಿ ಹೀಗೆ ವಾಟ್ನಿ ಮಾಡಿಸಿದರೆ ಹಿರ್ಯಾರು ನಗುತ್ತಾರೆ. ಅಣ್ಣ ಒಪ್ಪಿದ, ಪಂಚರು ಒಪ್ಪಿದರು, ಹೊಲದಲ್ಲಿ ಕುಡುಗೋಲು ಹಿಡಿದು ನಿಂತ ತಮ್ಮನನ್ನು ಯಾರೂ ಒಪ್ಪಿಸಲಿಲ್ಲ! ಮರುದಿನವೇ ಕೊಲಂಬೊದಲ್ಲಿ ಗೌರವ ವಂದನೆ ಸ್ವೀಕರಿಸುತ್ತಿದ್ದ ರಾಜೀವ್ ಮೇಲೆ ಸಿಂಹಳೀಯ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ಬೀಸಿದ. ಅಂದರೆ ಅಣ್ಣನ ಮನೆಯವರೂ ಒಪ್ಪಿರಲಿಲ್ಲ.

ಶಾಂತಿ ಕಾಯಲು ಹೋದ ಸೈನ್ಯ ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಮೇಲೆಯೇ ಯುದ್ಧಕ್ಕೆ ನಿಂತಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲಘು ಪದಾತಿದಳದ ತುಕಡಿಯಲ್ಲಿ ಬದುಕುಳಿದವನು ಒಬ್ಬನೇ. ಅದೇ ತಿಂಗಳ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವ ಭಾಷಣಗಳನ್ನು ಬಹಳ ಕೇಳಿದ್ದೇನೆ. ತಮಿಳುನಾಡಿಗೆ ಹೋದರೆ ಎರಡನೆಯದನ್ನು ಹೇಳಿ ಮೊದಲನೆಯದನ್ನು ಬಿಡುವವರೂ ಸಿಗುತ್ತಾರೆ.

ಉತ್ತರದ ಬೆಂಕಿ ಆರಿಸಲು ಹೋದದ್ದೇ ದಕ್ಷಿಣದಲ್ಲಿ ಇನ್ನೊಂದು ಬೆಂಕಿಗೆ ಎಣ್ಣೆಯಾಯಿತು. ಭಾರತದ ಸೈನ್ಯ ನಮ್ಮ ನೆಲದಲ್ಲಿದೆ ಎಂಬ ಸಿಟ್ಟನ್ನು ಬಂಡವಾಳ ಮಾಡಿಕೊಂಡು ಸಿಂಹಳೀಯರ ಎಡಪಂಥೀಯ ಪಕ್ಷ ಜೆವಿಪಿ ಎರಡನೇ ಸಲ ಬಂಡೆದ್ದಿತು. ಆ ಬಂಡಾಯದಲ್ಲೂ ಅದನ್ನು ಹತ್ತಿಕ್ಕುವುದರಲ್ಲೂ ಸತ್ತ ಸಿಂಹಳೀಯರು ಸಾವಿರಗಟ್ಟಲೆ. 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ನಮ್ಮನ್ನು ಹೊರಡಿ ಎಂದರು. ಅಷ್ಟೇ ಅಲ್ಲ, ನಮ್ಮ ಮೇಲೆ ಹಾರಿಸಲು ಎಲ್‌ಟಿಟಿಇಗೆ ಶಸ್ತ್ರ ಕೊಟ್ಟರು. ಗಂಡ-ಹೆಂಡತಿ ಕೂಡಿ ಬಿಡಿಸಲು ಬಂದವನನ್ನೇ ಬಡಿದರು ಎಂಬ ನಮ್ಮ ಹಳ್ಳಿಯ ನಗೆಮಾತು ಇಲ್ಲಿ ನಗುವ ಮಾತಾಗಿ ಉಳಿಯಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವ ಹೊತ್ತಿಗೆ ಸುಮಾರು 1,200 ಸೈನಿಕರನ್ನು ಕಳೆದುಕೊಂಡಿದ್ದೆವು. ಮದ್ರಾಸಿನಲ್ಲಿ ಅವರನ್ನು ಬರಮಾಡಿಕೊಳ್ಳಲು ಅಲ್ಲಿನ ಮುಖ್ಯಮಂತ್ರಿ ಬರಲಿಲ್ಲ. ಮರುವರ್ಷ ಶ್ರೀಪೆರಂಬುದೂರಿನಲ್ಲಿ ಎಲ್‌ಟಿಟಿಇ ಬಾಂಬಿಗೆ ರಾಜೀವ್ ಸತ್ತರು. ಲಂಕೆಯ ಯುದ್ಧ ಆಮೇಲೂ 2009ರ ತನಕ ನಡೆಯಿತು.

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದೇ? ಇದೇ ಬಾಗಲಕೋಟೆಯಿಂದ ಸಿಂಧನೂರು ದೂರವೇನಲ್ಲ. ಅಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಬಂದವರ ಕ್ಯಾಂಪುಗಳಿವೆ. ತುಂಗಭದ್ರಾ ನೀರಿನ ಭತ್ತದ ಗದ್ದೆಯ ನಡುವೆ ಬಂಗಾಳಿ ಮಾತು, ದುರ್ಗಾ ಪೂಜೆ, ಮೀನು. ನಾನು ಒಂದು ಸಲ ಹೋಗಿದ್ದೆ. ಬಿಟ್ಟುಬಂದ ಊರಿನ ಹೊಳೆ, ಮನೆ, ಮರ ಎಲ್ಲವನ್ನೂ ಒಬ್ಬ ಮುದುಕ ಎಣಿಸಿ ಹೇಳುತ್ತಿದ್ದಾಗ ನನಗೆ ಇಲ್ಲಿಯವರೇ ನೆನಪಾದರು. ಆಲಮಟ್ಟಿ ಹಿನ್ನೀರಿನಲ್ಲಿ ಓಣಿ ಕಳೆದುಕೊಂಡು ನವನಗರದ ಸೆಕ್ಟರಿಗೆ ಬಂದ ನಿಮಗೆ ಮನೆ ಬಿಡುವುದೆಂದರೆ ಏನೆಂದು ನಾನು ಹೇಳಬೇಕಿಲ್ಲ. ನಿಮಗೆ ಪರಿಹಾರದ ಚೆಕ್ಕಾದರೂ ಬಂತು, ಕಡಿಮೆಯಾಯಿತೆಂದು ಕೋರ್ಟಿಗೆ ಹೋಗಲು ದಾರಿಯಾದರೂ ಇತ್ತು.

1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ತನ್ನದೇ ಪ್ರಜೆಗಳ ಮೇಲೆ ಬಿದ್ದ ನಂತರ ನಮ್ಮ ಗಡಿ ದಾಟಿ ಬಂದವರು ಸುಮಾರು 1 ಕೋಟಿ. ಆ ಡಿಸೆಂಬರಿನಲ್ಲಿ ನಾವು ಹೋದೆವು. ಹದಿಮೂರು ದಿನಗಳ ಯುದ್ಧ, 93,000 ಜನರ ಶರಣಾಗತಿ. ಶಾಲೆಯಲ್ಲಿ ಹೇಳಿಕೊಡುವುದು ಅಷ್ಟೇ. ನಾನು ಹೇಳಬೇಕೆಂದಿರುವುದು ಅದರ ಹಿಂದೆ ಮುಂದೆ ಇದ್ದದ್ದನ್ನು. 1970ರ ಡಿಸೆಂಬರಿನ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಶೇಖ್ ಮುಜೀಬರ ಅವಾಮಿ ಲೀಗ್ ಗೆದ್ದಿತ್ತು. ಆ ಮನೆಯ ಕೀಲಿಕೈ ಯಾರಿಗೆ ಸೇರಬೇಕೆಂದು ಮನೆಯವರು ಆಗಲೇ ಹೇಳಿಬಿಟ್ಟಿದ್ದರು. ನಾವು ಯಾರನ್ನೂ ಹುಡುಕಿ ಕುರ್ಚಿಯ ಮೇಲೆ ಕೂರಿಸಬೇಕಿರಲಿಲ್ಲ. ಇನ್ನು ಮುಂದಿನದು: 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ತಿರುಗಿ ಬಂದಿತ್ತು. ಮುಜೀಬರೇ ಹೋಗಿ ಎಂದಿದ್ದರು, ನಾವು ಹೋದೆವು. ಗೆದ್ದ ಸೈನ್ಯ ಮೂರು ತಿಂಗಳಲ್ಲಿ ಮನೆಗೆ ಮರಳಿದ್ದನ್ನು ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. ಹದಿಮೂರು ದಿನಗಳ ಯುದ್ಧಕ್ಕಿಂತ ಆ ಮೂರು ತಿಂಗಳೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಾವು ಸಂತರಾಗಿ ಹೋದೆವು ಎಂದು ಯಾರೂ ತಿಳಿಯಬೇಡಿ. ಪಾಕಿಸ್ತಾನ ಒಡೆದರೆ ನಮಗೆ ಲಾಭ ಇತ್ತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಯುದ್ಧ ನಿಲ್ಲಿಸಿ ಸೈನ್ಯ ಹಿಂದಕ್ಕೆ ತೆಗೆದುಕೊಳ್ಳಿ ಎಂದು 104 ಮತಗಳಿಂದ ನಿರ್ಣಯ ಮಾಡಿತು. ವಿರುದ್ಧ ಬಿದ್ದದ್ದು 11 ಮತ. ಅಂದಿನ ಜಗತ್ತಿನ ಲೆಕ್ಕದಲ್ಲಿ ನಾವೇ ಉಸಾಬರಿ ಮಾಡಿದವರು. ಆದ್ದರಿಂದ ವಿಶ್ವಸಂಸ್ಥೆಯ ಮುದ್ರೆ ಬಿದ್ದರೆ ಸರಿ, ಇಲ್ಲದಿದ್ದರೆ ತಪ್ಪು ಎಂಬ ಸುಲಭದ ಲೆಕ್ಕ ನನಗೆ ಒಗ್ಗುವುದಿಲ್ಲ. ಮುದ್ರೆ ಬಿದ್ದ ಲಿಬಿಯಾ ಏನಾಯಿತು? 2011ರ ಮಾರ್ಚ್ 17ರಂದು ಭದ್ರತಾ ಮಂಡಳಿ ನಾಗರಿಕರ ರಕ್ಷಣೆಗೆ ಅಂತ ಅನುಮತಿ ಕೊಟ್ಟಿತು. ಭಾರತ ಮತ ಹಾಕದೆ ದೂರ ಉಳಿಯಿತು. ದಂಗೆಯೆದ್ದ ಬೆಂಘಾಜಿ ಊರಿನ ಜನರನ್ನು ಉಳಿಸಲು ಹಾರಿದ ನ್ಯಾಟೊ ವಿಮಾನಗಳು ಸರ್ವಾಧಿಕಾರಿ ಗಡಾಫಿ ಸಾಯುವ ತನಕ ಇಳಿಯಲಿಲ್ಲ. ಅವನು ಅಕ್ಟೋಬರಿನಲ್ಲಿ ಸತ್ತ, ಬಾಂಬು ಹಾಕಿದವರು ತಿಂಗಳ ಕೊನೆಗೆ ಮನೆಗೆ ಹೋದರು. ಕೀಲಿಕೈ ಇಸಿದುಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅವನ ಉಗ್ರಾಣದ ಬಂದೂಕುಗಳು ಮರುಭೂಮಿ ದಾಟಿ ಮಾಲಿ ದೇಶಕ್ಕೆ ಹೋದವು. ಲಿಬಿಯಾದಲ್ಲಿ ಎರಡು ಸರ್ಕಾರ ಹುಟ್ಟಿದವು.

ಸಿರಿಯಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಟ್ನಿ ದಾವೆಯ ಉದಾಹರಣೆಯೇ ಸಾಕು. ಅಣ್ಣ-ತಮ್ಮ ಸ್ವಂತ ದುಡ್ಡಿನಲ್ಲಿ ಕೋರ್ಟಿಗೆ ಹೋದರೆ ಎಂದಾದರೊಂದು ದಿನ ಇಬ್ಬರ ಕಿಸೆಯೂ ಬರಿದಾಗಿ ರಾಜಿ ಆಗುತ್ತದೆ. ಅಣ್ಣನಿಗೆ ಒಬ್ಬ ಸಾಹುಕಾರ, ತಮ್ಮನಿಗೆ ಇಬ್ಬರು ಸಾಹುಕಾರರು ದುಡ್ಡು ಕೊಡುತ್ತ ಹೋದರೆ ದಾವೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಇರಾನ್, ರಷ್ಯಾ, ಟರ್ಕಿ, ಅಮೆರಿಕ, ಕೊಲ್ಲಿಯ ದೊರೆಗಳು, ಎಲ್ಲರೂ ಅಲ್ಲಿ ಸಾಹುಕಾರರೇ. ಹದಿಮೂರು ವರ್ಷ ನಡೆದು, ಐದು ಲಕ್ಷಕ್ಕೂ ಹೆಚ್ಚು ಜನ ಸತ್ತ ಮೇಲೆ, 2024ರ ಡಿಸೆಂಬರಿನಲ್ಲಿ ಅಲ್ಲಿನ ಅಧ್ಯಕ್ಷ ಅಸಾದ್ ಮಾಸ್ಕೋಗೆ ಓಡಿಹೋದ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವುದು ರುವಾಂಡಾ. ಅದನ್ನು ಮುಚ್ಚಿಡುವುದಿಲ್ಲ. 1994ರ ಏಪ್ರಿಲಿನಿಂದ ನೂರು ದಿನಗಳಲ್ಲಿ ಅಲ್ಲಿನ ಹುಟು ಉಗ್ರರು ಸುಮಾರು 8 ಲಕ್ಷ ಜನರನ್ನು, ಹೆಚ್ಚಾಗಿ ಟುಟ್ಸಿಗಳನ್ನು, ಕೊಂದರು, ಬಹಳ ಮಂದಿಯನ್ನು ಮಚ್ಚಿನಿಂದ. ವಿಶ್ವಸಂಸ್ಥೆಯ ಸೈನಿಕರು ಮೊದಲೇ ಅಲ್ಲಿದ್ದರು. ಬೆಲ್ಜಿಯಮ್ಮಿನ ಹತ್ತು ಸೈನಿಕರು ಸತ್ತದ್ದೇ, ಭದ್ರತಾ ಮಂಡಳಿ ಆ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಆ ಪಡೆಯ ದಂಡನಾಯಕ ಡಲೇರ್ ಇನ್ನಷ್ಟು ಸೈನಿಕರನ್ನು ಕಳಿಸಿ ಎಂದು ಕೇಳುತ್ತಲೇ ಇದ್ದರು. ಕೊಡಲಿ ಎತ್ತಿದ ಮನೆಯ ಮುಂದೆ ನಿಂತು, ಇದು ಅವರ ಮನೆಯ ವಿಷಯ ಎಂದವರ ಹಾಗಾಯಿತು. ಕಗ್ಗೊಲೆಯನ್ನು ಕಡೆಗೆ ನಿಲ್ಲಿಸಿದ್ದು ಒಳಗಿನ ಬಂಡುಕೋರರ ಸೈನ್ಯ. ಅಲ್ಲಿ ಹೋಗಬೇಕಾಗಿತ್ತು ಎಂದೇ ನಾನು ಹೇಳುತ್ತೇನೆ. ಕೈ ಹಿಡಿದು ಕೊಡಲಿ ಕಸಿಯುವುದಕ್ಕೆ ಮನೆಯ ವಾರಸುದಾರ ಯಾರೆಂದು ಗೊತ್ತಿರಬೇಕಿಲ್ಲ. ಕೊಡಲಿ ಕಸಿದ ಮೇಲೂ ಪಡಸಾಲೆಯಲ್ಲೇ ಹಾಸಿಗೆ ಹಾಸಿಕೊಳ್ಳುವವನನ್ನು ಮಾತ್ರ ನಾನು ಒಪ್ಪಲಾರೆ. ಇವೆರಡರ ನಡುವಿನ ಗೆರೆಯನ್ನು ಹೋಗುವ ಮೊದಲೇ ಕಾಗದದ ಮೇಲೆ ಬರೆಯುವ ಸರ್ಕಾರ ಬಹಳ ಕಡಿಮೆ. ಲಂಕೆಗೆ ಹೋಗುವಾಗ ನಾವೂ ಬರೆದಿರಲಿಲ್ಲ.

ಈಗ ಸುಡಾನ್. 2023ರ ಏಪ್ರಿಲ್ 15ರಂದು ಇಬ್ಬರು ಸೇನಾನಿಗಳು, ಬುರ್ಹಾನ್ ಮತ್ತು ಹೆಮೆದ್ತಿ, ಒಂದು ದೇಶಕ್ಕಾಗಿ ಹೊಡೆದಾಡತೊಡಗಿದರು. ಅಲ್ಲಿ ನಮ್ಮವರೂ ಸಿಕ್ಕಿಕೊಂಡಿದ್ದರು. ಗಿಡಮೂಲಿಕೆ ಔಷಧಿ ಮಾರಲು ಹೋದ ಹಕ್ಕಿಪಿಕ್ಕಿ ಜನ ಎಲ್ ಫಾಶೇರ್ ಊರಿನ ಮನೆಗಳಲ್ಲಿ ಅಡಗಿ ಕೂತು ಮೊಬೈಲಿನಲ್ಲಿ ಕನ್ನಡದಲ್ಲಿ ಅಳುತ್ತಿದ್ದುದನ್ನು ನೀವೂ ನೋಡಿರಬೇಕು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಕರೆತಂದೆವು. ನಮ್ಮವರು ಬಂದರು, ನಮ್ಮ ಟಿವಿಗಳಲ್ಲಿ ಸುಡಾನ್ ಮುಗಿಯಿತು. ಅದೇ ಎಲ್ ಫಾಶೇರ್ ಬಹಳ ದಿನಗಳ ಮುತ್ತಿಗೆಯ ನಂತರ 2025ರ ಅಕ್ಟೋಬರಿನಲ್ಲಿ ಹೆಮೆದ್ತಿಯ ಪಡೆಯ ಕೈಗೆ ಬಿತ್ತು. ಆಗ ಅಲ್ಲಿ ನಡೆದ ಕಗ್ಗೊಲೆ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಾಯಿತು.

ಅಲ್ಲಿಗೆ ಸೈನ್ಯ ಕಳಿಸಿ ಎಂದು ನಾನು ಹೇಳಲಾರೆ. ಇಬ್ಬರು ಸೇನಾನಿಗಳಲ್ಲಿ ಯಾರನ್ನೂ ಜನ ಆರಿಸಿಲ್ಲ, ಕೀಲಿಕೈ ಯಾರ ಕೈಗೆ ಇಡುತ್ತೀರಿ? ಆದರೆ ಉಸಾಬರಿ ಅಲ್ಲಿ ಆಗಲೇ ನಡೆದಿದೆ, ಸಮವಸ್ತ್ರ ಇಲ್ಲದೆ. ಸುಡಾನಿನ ಚಿನ್ನ ಹೊರಗೆ ಹೋಗುತ್ತದೆ, ಬಂದೂಕು ಮತ್ತು ಡ್ರೋನು ಒಳಗೆ ಬರುತ್ತವೆ. ಆ ಚಿನ್ನವನ್ನು ಕೊಳ್ಳುವ ಪೇಟೆ ನಮ್ಮ ಹುಡುಗರು ನೌಕರಿಗೆ ಹೋಗುವ ದುಬೈ. ಸಾಹುಕಾರರ ಕೈ ಕಟ್ಟುವುದು, ಚಾಡ್ ಗಡಿಯ ದಾರಿಯಲ್ಲಿ ಧಾನ್ಯದ ಲಾರಿ ನಿಲ್ಲದಂತೆ ನೋಡುವುದು, ಇವಕ್ಕೆ ಒಂದು ಗುಂಡೂ ಖರ್ಚಾಗುವುದಿಲ್ಲ. ಬರೀ ಸ್ನೇಹಿತ ದೇಶಗಳ ಮುಖ ಸ್ವಲ್ಪ ಕೆಡುತ್ತದೆ. ಅದಕ್ಕೇ ಯಾರೂ ಮಾಡುತ್ತಿಲ್ಲ.

ನನ್ನ ಹೊತ್ತು ಮುಗಿಯಿತು ಎಂದು ಚೀಟಿ ಬಂದಿದೆ. ಐದೂವರೆಗೆ ಹುನಗುಂದದ ಬಸ್ಸು, ಅಲ್ಲಿಯವರೆಗೆ ಪ್ರಶ್ನೆ ಕೇಳಬಹುದು. ಹಿಂದಿನ ಸಾಲಿನಲ್ಲಿ ಫೌಜಿನಿಂದ ಬಂದವರು ಇಬ್ಬರು ಮೂವರು ಕೂತಿದ್ದೀರಿ, ಮೈಕು ಮೊದಲು ಅವರಿಗೆ ಕೊಡಿ.