ಮೆಸ್ಸೀಯನನ್ನು ಅಳೆಯುವ ಸೇರು

ಕೇಳುಗರೆಲ್ಲರಿಗೂ ನಮಸ್ಕಾರ.

ನಜರೇತಿನ ಯೇಸುವನ್ನು ಕ್ರೈಸ್ತರು ಮೆಸ್ಸೀಯ ಎನ್ನುತ್ತಾರೆ. ಯೆಹೂದ್ಯರು ಅಲ್ಲ ಎನ್ನುತ್ತಾರೆ. ಮುಸ್ಲಿಮರು ಹೌದು ಎನ್ನುತ್ತಾರೆ, ಆದರೆ ಕ್ರೈಸ್ತರು ಹೇಳುವ ಅರ್ಥದಲ್ಲಿ ಅಲ್ಲ. ಮೂವರೂ ಒಂದೇ ದೇವರನ್ನು, ಒಬ್ಬನೇ ಅಬ್ರಹಾಮನನ್ನು, ಒಬ್ಬನೇ ಮೋಶೆಯನ್ನು ನಂಬುವವರು. ಹಾಗಿದ್ದೂ ಎರಡು ಸಾವಿರ ವರ್ಷದಿಂದ ಈ ಒಂದು ವಿಷಯ ಇತ್ಯರ್ಥವಾಗಿಲ್ಲ. ಯಾಕೆ?

ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಅರ್ಧ ಕಿವಿ ಕೊಟ್ಟವರಿಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇವರ ಸೇರು ಬೇರೆ ಬೇರೆ. ಹಿಂದೆ ಸಂತೆಗಳಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲ. ಅದೇ ರಾಗಿ, ಇವನು ಭರ್ತಿ ಎಂದ, ಅವನು ಕೊರೆ ಎಂದ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಪ್ರವಾದಿಯ ಮಾತು ಬಂದಾಗಲೂ ಮೊದಲು ಕೇಳಬೇಕಾದದ್ದು, ಅಳೆದದ್ದು ಯಾರ ಸೇರಿನಲ್ಲಿ ಎಂದು.

ಮೊದಲು ಪದವನ್ನೇ ನೋಡೋಣ. ಮೆಸ್ಸೀಯ ಎಂದರೆ ಹೀಬ್ರೂ ಭಾಷೆಯಲ್ಲಿ ಎಣ್ಣೆ ಹಚ್ಚಿಸಿಕೊಂಡವನು, ಅಭಿಷಿಕ್ತ. ಪಟ್ಟಾಭಿಷೇಕ ಗೊತ್ತಿರುವ ನಮಗೆ ಇದು ಕಷ್ಟದ ಮಾತೇನಲ್ಲ. ಗ್ರೀಕಿನಲ್ಲಿ ಅದನ್ನೇ ಕ್ರಿಸ್ತ ಎಂದರು, ಅರಬ್ಬಿಯಲ್ಲಿ ಮಸೀಹ್. ಆ ಎಣ್ಣೆಗೆ ಪಾಕವಿಧಾನವೂ ಇದೆ, ಬೈಬಲ್ಲಿನ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಬಜೆ 250, ದಾಲ್ಚಿನ್ನಿಯ ಜಾತಿಯದೇ ಇನ್ನೊಂದು ತೊಗಟೆ 500, ಇವಕ್ಕೆ ಒಂದು ಹಿನ್, ಅಂದರೆ ಆ ಕಾಲದ ಒಂದು ಅಳತೆ, ಆಲಿವ್ ಎಣ್ಣೆ. ಶೆಕೆಲ್ ಎಂದರೆ ಸುಮಾರು 11 ಗ್ರಾಂ. ಹಾಗಾದರೆ ರಕ್ತಬೋಳ ಒಂದೇ ಐದೂವರೆ ಕಿಲೋ ಆಯಿತು. ಇದು ಪುರೋಹಿತರಿಗೆ, ಪೂಜೆಯ ಪಾತ್ರೆ ಪಗಡಗಳಿಗೆ ಹಚ್ಚುವ ತೈಲ. ರಾಜರ ತಲೆಗೂ ಎಣ್ಣೆ ಬೀಳುತ್ತಿತ್ತು. ಪ್ರವಾದಿ ಸಮುವೇಲನು ಸೌಲನಿಗೆ ಕುಪ್ಪಿಯಿಂದ ಸುರಿದ, ದಾವೀದನಿಗೆ ಕೊಂಬಿನಿಂದ ಸುರಿದ.

ಅಂದರೆ ಆಗ ಮೆಸ್ಸೀಯ ಎಂಬುದು ಒಂದು ಹುದ್ದೆ. ಲೋಕದ ಕೊನೆಗೆ ಬರುವ ಒಬ್ಬನೇ ಒಬ್ಬನ ಹೆಸರಲ್ಲ. ಯೆಶಾಯನ ಗ್ರಂಥದ 45ನೇ ಅಧ್ಯಾಯ ಪರ್ಷಿಯದ ಅರಸ ಕೋರೆಷನನ್ನೇ ದೇವರ ಅಭಿಷಿಕ್ತ ಎಂದು ಕರೆಯುತ್ತದೆ. ಆತ ಯೆಹೂದ್ಯನೂ ಅಲ್ಲ, ಆ ದೇವರ ಪರಿಚಯವೂ ಅವನಿಗಿಲ್ಲ. ಸೆರೆಯಲ್ಲಿದ್ದ ಯೆಹೂದ್ಯರನ್ನು ಬಾಬಿಲೋನಿನಿಂದ ಊರಿಗೆ ಕಳಿಸಿದ, ಅಷ್ಟು ಸಾಕಾಯಿತು. ಹುದ್ದೆ ಎಂದ ಮೇಲೆ ಅದಕ್ಕೆ ಕೆಲಸದ ಪಟ್ಟಿ ಇರುತ್ತದೆ. ಆ ಪಟ್ಟಿಯೇ ಸೇರು.

ಯೆಹೂದ್ಯರ ಪಟ್ಟಿಯನ್ನು ಅತ್ಯಂತ ಚೊಕ್ಕವಾಗಿ ಬರೆದಿಟ್ಟವನು ಮೈಮೊನಿಡಿಸ್. ಕೊರ್ಡೋಬದಲ್ಲಿ ಹುಟ್ಟಿ ಈಜಿಪ್ಟಿನಲ್ಲಿ 1204ರಲ್ಲಿ ತೀರಿಕೊಂಡವನು, ವೃತ್ತಿಯಿಂದ ವೈದ್ಯ. ಬರವಣಿಗೆಯೂ ವೈದ್ಯರ ಚೀಟಿಯ ಹಾಗೆಯೇ. ದಾವೀದನ ವಂಶದ ಒಬ್ಬ ರಾಜ ಬರಬೇಕು, ಧರ್ಮಶಾಸ್ತ್ರ ಓದಿ ಪಾಲಿಸಬೇಕು, ಜನರನ್ನು ಪಾಲನೆಗೆ ತರಬೇಕು, ದೇವರ ಯುದ್ಧ ಮಾಡಬೇಕು. ಇಷ್ಟಾದರೆ ಆತ ಮೆಸ್ಸೀಯ ಇದ್ದಾನು ಎಂದು ಎಣಿಸಿ. ಇದು ಮೊದಲ ಹಂತ, ಪ್ರೊಬೇಷನ್ ಎನ್ನಿ. ಆಮೇಲೆ ಗೆದ್ದು, ಯೆರೂಸಲೇಮಿನ ದೇವಾಲಯವನ್ನು ಅದರ ಜಾಗದಲ್ಲೇ ಕಟ್ಟಿ, ಚದುರಿದ ಜನರನ್ನು ಒಟ್ಟುಗೂಡಿಸಿದರೆ ಖಂಡಿತ ಅವನೇ. ಸೋತನೋ, ಕೊಲ್ಲಲ್ಪಟ್ಟನೋ, ಅವನಲ್ಲ. ಪವಾಡ ಬೇಕೇ? ಬೇಡ ಎನ್ನುತ್ತಾನೆ. ಸತ್ತವರನ್ನು ಎಬ್ಬಿಸಿ ತೋರಿಸು ಎಂದು ಕೇಳಬೇಕಾಗಿಲ್ಲ.

ಇದಕ್ಕೆ ಅವನು ಕೊಡುವ ಉದಾಹರಣೆ ಬಾರ್ ಕೊಖ್ಬ. 132ರಲ್ಲಿ ರೋಮನ್ನರ ಮೇಲೆ ದಂಗೆ ಎದ್ದವನು. ಆ ಕಾಲದ ಅತಿ ದೊಡ್ಡ ಪಂಡಿತ ರಬ್ಬಿ, ಅಂದರೆ ಯೆಹೂದ್ಯರ ಧರ್ಮಗುರು, ಅಕೀವ ಇವನೇ ಮೆಸ್ಸೀಯ ಅರಸ ಎಂದ. ಇನ್ನೊಬ್ಬ ರಬ್ಬಿ ಅದಕ್ಕೆ, "ಅಕೀವ, ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ" ಎಂದನಂತೆ. 135ರಲ್ಲಿ ಬೇತಾರ್ ಕೋಟೆ ಬಿತ್ತು, ಬಾರ್ ಕೊಖ್ಬ ಸತ್ತ, ಲೆಕ್ಕ ಮುಗಿಯಿತು. ಬಾರ್ ಕೊಖ್ಬ ಎಂದರೆ ನಕ್ಷತ್ರದ ಮಗ. ಆಮೇಲಿನವರು ಅವನ ಹೆಸರನ್ನೇ ಸ್ವಲ್ಪ ತಿರುಚಿ ಸುಳ್ಳಿನ ಮಗ ಎಂದು ಕರೆದರು. ಅಕೀವನನ್ನು ಮಾತ್ರ ಯಾರೂ ಕೈಬಿಡಲಿಲ್ಲ. ಇಂದಿಗೂ ಪೂಜ್ಯ. ಅಳೆದು ನೋಡಿದ, ಕೊರೆ ಬಂತು, ಅಷ್ಟೆ.

ಈಗ ಇದೇ ಸೇರಿಗೆ ಯೇಸುವನ್ನು ಹಾಕಿ. ರೋಮ್ ಸೋಲಲಿಲ್ಲ. ದೇವಾಲಯ ಕಟ್ಟುವುದಿರಲಿ, 70ನೇ ಇಸವಿಯಲ್ಲಿ ಇದ್ದದ್ದೂ ಸುಟ್ಟುಹೋಯಿತು. ಶಿಲುಬೆಗೇರಿಸಿ ಕೊಂದರು. ಯೆಹೂದ್ಯರ ಸೇರಿನಲ್ಲಿ ಇದು ತುಂಬುವುದಿಲ್ಲ. ಕ್ರೈಸ್ತರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಶಿಲುಬೆಗೇರಿದ ಮೆಸ್ಸೀಯ ಯೆಹೂದ್ಯರಿಗೆ ಎಡವುಗಲ್ಲು ಎಂದು ಕ್ರೈಸ್ತರ ಆದಿ ಪ್ರಚಾರಕ ಪೌಲನೇ ಬರೆಯುತ್ತಾನೆ. ಅವರ ಸೇರೇ ಬೇರೆ. ಪಾಪಕ್ಕಾಗಿ ಸಾಯುವುದು, ಮೂರನೇ ದಿನ ಏಳುವುದು, ಇದು ಕೆಲಸ. ರಾಜ್ಯ, ನ್ಯಾಯ, ಶಾಂತಿ ಯೇಸು ಮತ್ತೆ ಬರುವ ಎರಡನೇ ಬರವಿಗೆ ಉಳಿದವು. ಬರವು ಒಂದೇ ಎನ್ನುವವರಿಗೂ ಎರಡು ಎನ್ನುವವರಿಗೂ ವಾದ ಹೇಗೆ ಮುಗಿದೀತು?

"ಶಾಸ್ತ್ರ ತೆಗೆದು ನೋಡಿದರಾಯಿತಲ್ಲ" ಎನ್ನುವವರಿದ್ದಾರೆ. ದಯವಿಟ್ಟು ತೆಗೆದು ನೋಡಿ. ಧರ್ಮೋಪದೇಶಕಾಂಡದ 18ನೇ ಅಧ್ಯಾಯ. ನಿಮ್ಮ ಸಹೋದರರಲ್ಲಿಂದ ನನ್ನಂಥ ಪ್ರವಾದಿ ಏಳುವನು ಎಂದು ಮೋಶೆ ಹೇಳುತ್ತಾನೆ. ಯೆಹೂದ್ಯರು ಇದನ್ನು ಮೋಶೆಯ ಉತ್ತರಾಧಿಕಾರಿ ಯೆಹೋಶುವನಿಂದ ಶುರುವಾಗಿ ಮುಂದೆ ಬಂದ ಪ್ರವಾದಿಗಳ ಸಾಲು ಎಂದು ಓದುತ್ತಾರೆ. ಕ್ರೈಸ್ತರಿಗೆ ಇದು ಯೇಸು; ಅಪೊಸ್ತಲರ ಕೃತ್ಯಗಳ 3ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಹಾಗೆಂದೇ ಸಾರುತ್ತಾನೆ. ಮುಸ್ಲಿಂ ವಿದ್ವಾಂಸರು 'ಸಹೋದರ' ಎಂಬಲ್ಲಿ ಬೆರಳಿಡುತ್ತಾರೆ. ಯೆಹೂದ್ಯರ ಮೂಲಪುರುಷ ಇಸಾಕನ ಸಹೋದರ ಇಸ್ಮಾಯೇಲ, ಇಸ್ಮಾಯೇಲನ ಪೀಳಿಗೆ ಅರಬರು, ಆದ್ದರಿಂದ ಇದು ಮುಹಮ್ಮದರು. ಅವರೂ ಮೋಶೆಯಂತೆಯೇ ಕಾನೂನು ತಂದವರು, ಜನರನ್ನು ಮುನ್ನಡೆಸಿದವರು ಎನ್ನುತ್ತಾರೆ. ನಾಬ್ಲುಸ್ ಬಳಿಯ ಗೆರಿಜೀಮ್ ಬೆಟ್ಟದ ಸಮಾರ್ಯರು, ಜನಸಂಖ್ಯೆ ಸಾವಿರಕ್ಕೂ ಕಡಿಮೆ, ಅವರದು ನಾಲ್ಕನೇ ಓದು. ಬರಬೇಕಾದವನ ಹೆಸರು ತಾಹೇಬ್, ಇನ್ನೂ ಬಂದಿಲ್ಲ. ವಾಕ್ಯ ಒಂದು, ಸೇರು ನಾಲ್ಕು.

ಅದೇ ಅಧ್ಯಾಯದ ಕೊನೆಯಲ್ಲಿ ಸುಳ್ಳು ಪ್ರವಾದಿಯನ್ನು ಗುರುತಿಸುವ ಪರೀಕ್ಷೆಯೂ ಇದೆ. ಹೇಳಿದ್ದು ನಡೆಯದಿದ್ದರೆ ಅದು ದೇವರ ಮಾತಲ್ಲ. ಕೇಳಲು ಸೊಗಸು, ಬಳಸಲು ತೊಂದರೆ. ಹನನ್ಯ ಎಂಬ ಪ್ರವಾದಿ ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೆಲ್ಲ ಬಾಬಿಲೋನಿನಿಂದ ವಾಪಸು ಬರುತ್ತವೆ ಎಂದು ಹೇಳಿ, ಬಾಬಿಲೋನಿಗೆ ತಲೆಬಾಗಿ ಎಂದು ಸಾರುತ್ತಿದ್ದ ಇನ್ನೊಬ್ಬ ಪ್ರವಾದಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರ ಮುಂದೆ ಮುರಿದ. ಜನ ಯಾರನ್ನು ನಂಬಬೇಕೆಂದು ತೀರ್ಮಾನಿಸಬೇಕಾದದ್ದು ಅವತ್ತು. ಪರೀಕ್ಷೆಯ ಫಲಿತಾಂಶ ಎರಡು ವರ್ಷದ ಮೇಲೆ!

ಇನ್ನು ಈ ಸೇರುಗಳು ನಡುರಸ್ತೆಯಲ್ಲಿ ಬದಲಾಗುವುದನ್ನು ನೋಡಬೇಕಾದರೆ ಶಬ್ಬತೈ ಝ್ವಿ ಎಂಬ ಯೆಹೂದ್ಯನ ಕತೆ ಕೇಳಬೇಕು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1626ರಲ್ಲಿ ಸ್ಮಿರ್ನಾದಲ್ಲಿ, ಇಂದಿನ ಟರ್ಕಿಯ ಇಜ್ಮಿರ್‌ನಲ್ಲಿ ಹುಟ್ಟಿದವನು. ತಂದೆ ಇಂಗ್ಲಿಷ್ ವರ್ತಕರ ದಲ್ಲಾಳಿ. ಹುಡುಗ ಬುದ್ಧಿವಂತ, ಆದರೆ ಮನಸ್ಸು ಒಂದು ಹದದಲ್ಲಿ ನಿಲ್ಲುತ್ತಿರಲಿಲ್ಲ. ಕೆಲವು ದಿನ ಆಕಾಶದಲ್ಲಿ, ಕೆಲವು ದಿನ ಪಾತಾಳದಲ್ಲಿ. ಉಚ್ಚರಿಸಬಾರದ ದೇವರ ಹೆಸರನ್ನು ಬಾಯಿಬಿಟ್ಟು ಹೇಳಿದ, ಊರು ಬಿಡಿಸಿಕೊಂಡ. 1665ರಲ್ಲಿ ಗಾಜಾದಲ್ಲಿ ನಾಥನ್ ಎಂಬ ಇಪ್ಪತ್ತು ದಾಟಿದ ಯುವಕ ಆತ್ಮದ ಕಾಯಿಲೆಗಳನ್ನು ವಾಸಿ ಮಾಡುತ್ತಾನೆಂದು ಕೇಳಿ ಅಲ್ಲಿಗೆ ಹೋದ. ಹೋದದ್ದು ಗುಣವಾಗಲಿಕ್ಕೆ. ವೈದ್ಯ ಹೇಳಿದ್ದು, ನಿನಗೆ ಕಾಯಿಲೆಯೇ ಇಲ್ಲ, ನೀನು ಮೆಸ್ಸೀಯ ಎಂದು!

ಆಮೇಲೆ ಕಾಗದಗಳು ಹೊರಟವು. ಗಾಜಾದಿಂದ ವೆನಿಸ್, ಆಮ್‌ಸ್ಟರ್‌ಡ್ಯಾಮ್, ಹ್ಯಾಂಬರ್ಗ್, ಪೋಲೆಂಡ್, ಯೆಮನ್. ಹ್ಯಾಂಬರ್ಗ್‌ನಲ್ಲಿ ಗ್ಲಿಕ್ಲ್ ಎಂಬ ವ್ಯಾಪಾರಿ ಹೆಂಗಸು ಇದನ್ನೆಲ್ಲ ಕಣ್ಣಾರೆ ಕಂಡು ಮುಂದೆ ತನ್ನ ನೆನಪುಗಳಲ್ಲಿ ಬರೆದಿಟ್ಟಳು. ಕಾಗದ ಬಂದ ದಿನ ಪೋರ್ಚುಗೀಸ್ ಯೆಹೂದ್ಯರ ಹುಡುಗರು ಹಬ್ಬದ ಬಟ್ಟೆ ತೊಟ್ಟು, ಅಗಲವಾದ ಹಸಿರು ರೇಷ್ಮೆ ಪಟ್ಟಿ ಕಟ್ಟಿಕೊಂಡು ಸಭಾಮಂದಿರಕ್ಕೆ ಬರುತ್ತಿದ್ದರಂತೆ. ಕೆಲವರು ಮನೆ, ಹೊಲ, ಇದ್ದಬದ್ದದ್ದೆಲ್ಲ ಮಾರಿದರು.

ಅವಳ ಮಾವನದು ಇನ್ನೂ ಅಚ್ಚುಕಟ್ಟು. ಹಾಮೆಲ್‌ನ ಮನೆ ಬಿಟ್ಟು ಹಿಲ್ಡೆಸ್‌ಹೈಮ್‌ಗೆ ಬಂದು ನಿಂತ. ಹ್ಯಾಂಬರ್ಗ್‌ನಲ್ಲಿದ್ದ ಸೊಸೆಯ ಮನೆಗೆ ಎರಡು ದೊಡ್ಡ ಪೀಪಾಯಿ ಕಳಿಸಿದ. ಒಳಗೆ ನಾರುಬಟ್ಟೆ, ಬಟಾಣಿ, ಹುರುಳಿಯಂಥ ಕಾಳು, ಒಣಮಾಂಸ, ಒಣಗಿಸಿದ ಪ್ಲಮ್ ಹಣ್ಣು, ಕೆಡದೆ ಉಳಿಯುವುದೆಲ್ಲ. ಹಡಗು ಹ್ಯಾಂಬರ್ಗ್‌ನಿಂದ ಹೊರಡುತ್ತದೆ, ನೇರ ಪವಿತ್ರಭೂಮಿಗೆ ಎಂಬ ಲೆಕ್ಕ. ಒಂದು ವರ್ಷ ದಾಟಿತು. ಮಾಂಸ ಕೊಳೆತು ಬಟ್ಟೆ ಹಾಳಾದೀತೆಂದು ಹೆದರಿ, ಪೀಪಾಯಿ ಬಿಚ್ಚಿ ತಿನ್ನುವ ಸಾಮಾನು ತೆಗೆದುಬಿಡಿ ಎಂದು ಮುದುಕರು ಬರೆದರು. ಬಟ್ಟೆ ಮಾತ್ರ ಹಾಗೇ ಇತ್ತು. ಮೂರು ವರ್ಷ ಪೀಪಾಯಿಗಳು ಸಿದ್ಧವಾಗಿಯೇ ನಿಂತಿದ್ದವು. ಈ ಎರಡು ಪೀಪಾಯಿಗಳ ಮುಂದೆ ಧರ್ಮಶಾಸ್ತ್ರದ ಎಷ್ಟೋ ಸಂಪುಟಗಳು ನನಗೆ ಸಪ್ಪೆ ಅನಿಸುತ್ತವೆ.

ಅತ್ತ ಏನಾಗಿತ್ತು? ಶಬ್ಬತೈ ಹಡಗು ಹತ್ತಿ ತುರ್ಕಿ ಸುಲ್ತಾನನ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ. 1666ರ ಫೆಬ್ರವರಿಯಲ್ಲಿ ಹಿಡಿದು ಹಾಕಿದರು. ಗಲ್ಲಿಪೋಲಿಯ ಕೋಟೆಯಲ್ಲಿಟ್ಟರು. ಅಲ್ಲಿಗೇ ಯಾತ್ರಿಕರು ಬಂದರು, ಸೆರೆಮನೆ ಆಸ್ಥಾನವಾಯಿತು. ದೇವಾಲಯ ಬಿದ್ದ ದಿನದ ಉಪವಾಸವನ್ನೇ ರದ್ದು ಮಾಡಿ ಹಬ್ಬ ಮಾಡಿ ಎಂದ. ಸೆಪ್ಟೆಂಬರ್ 16ರಂದು ಎದಿರ್ನೆಯಲ್ಲಿ ಸುಲ್ತಾನ ನಾಲ್ಕನೇ ಮೆಹ್ಮದನ ಸಭೆಯ ಮುಂದೆ ನಿಲ್ಲಿಸಿದರು. ಸುಲ್ತಾನ ಜಾಲಂಧ್ರದ ಹಿಂದಿನಿಂದ ನೋಡುತ್ತಿದ್ದ. ಒಂದೋ ಮುಸ್ಲಿಮನಾಗು, ಇಲ್ಲವೇ ತಲೆ ಕೊಡು. ಶಬ್ಬತೈ ಮುಂಡಾಸು ಸುತ್ತಿಕೊಂಡ. ಅಜೀಜ್ ಮೆಹ್ಮದ್ ಎಂದು ಹೆಸರಾಯಿತು. ಅರಮನೆಯ ದ್ವಾರಪಾಲಕ ಎಂಬ ಪದವಿ, ದಿನಕ್ಕೆ 150 ಆಕ್ಚೆ, ಅಂದರೆ ಅಲ್ಲಿನ ಬೆಳ್ಳಿ ನಾಣ್ಯ, ಸಂಬಳ.

ಮೈಮೊನಿಡಿಸನ ಸೇರಿನಲ್ಲಿ ಕತೆ ಇಲ್ಲಿಗೆ ಮುಗಿಯಿತು, ಬಾರ್ ಕೊಖ್ಬನಿಗಿಂತ ಬೇಗ. ಹೆಚ್ಚಿನವರು ತಲೆ ತಗ್ಗಿಸಿ ಮನೆಗೆ ಹೋದರು. ಆದರೆ ಗಾಜಾದ ನಾಥನ್ ಹೋಗಲಿಲ್ಲ. ಅವನು ಹೇಳಿದ್ದು ಇಷ್ಟು: ಸೃಷ್ಟಿಯ ಕಾಲದಲ್ಲಿ ದೇವರ ಬೆಳಕಿನ ಕಿಡಿಗಳು ಕೆಳಗೆ ಬಿದ್ದು ಕೇಡಿನ ಸಿಪ್ಪೆಗಳೊಳಗೆ ಸಿಕ್ಕಿಕೊಂಡಿವೆ, ಕೊನೆಯ ಕಿಡಿಗಳನ್ನು ಎತ್ತಲು ಮೆಸ್ಸೀಯನೇ ಸಿಪ್ಪೆಯೊಳಕ್ಕೆ ಇಳಿಯಬೇಕು, ಮತಾಂತರವೇ ಆ ಇಳಿತ. ಗಮನಿಸಿ, ನಿನ್ನೆಯವರೆಗೆ ಈ ಅಂಶ ಪಟ್ಟಿಯಲ್ಲಿರಲಿಲ್ಲ. ರಾಗಿ ಕೊರೆ ಬಂದಾಗ ನಾಥನ್ ಸೇರನ್ನೇ ಹೊಸದಾಗಿ ಮಾಡಿಸಿದ. ಇದನ್ನು ಮೋಸ ಎಂದು ತಳ್ಳಿಹಾಕಬೇಡಿ. ಅವನು ಮನಸಾರೆ ನಂಬಿದ್ದ. 1676ರಲ್ಲಿ ಶಬ್ಬತೈ ಆಡ್ರಿಯಾಟಿಕ್ ಕರಾವಳಿಯ ಗಡೀಪಾರಿನಲ್ಲಿ ಸತ್ತ ಮೇಲೂ ಅವನ ನಂಬಿಕೆ ಅಲುಗಲಿಲ್ಲ. 1683ರಲ್ಲಿ, ಇಂದು ಗ್ರೀಸಿನಲ್ಲಿರುವ ಸಲೋನಿಕಾದ ಸುಮಾರು 300 ಯೆಹೂದ್ಯ ಕುಟುಂಬಗಳು ತಮ್ಮ ಮೆಸ್ಸೀಯನಂತೆಯೇ ಇಸ್ಲಾಂ ಸ್ವೀಕರಿಸಿ, ಮನೆಯೊಳಗೆ ತಮ್ಮದೇ ಪ್ರಾರ್ಥನೆ ಉಳಿಸಿಕೊಂಡವು. ಡೋನ್ಮೆ ಎಂದು ಅವರ ಹೆಸರು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ಧರ್ಮದ ಲೆಕ್ಕದಲ್ಲಿ ಜನರನ್ನು ಅದಲುಬದಲು ಮಾಡಿಕೊಂಡಾಗ ಇವರು ಮುಸ್ಲಿಮರೆಂದು ಟರ್ಕಿಗೆ ಹೋದರು.

ಕತೆಗೇ ಸಮಯ ಹೋಯಿತು. ಇಸ್ಲಾಮಿನ ಬಗ್ಗೆ ಹೇಳುವುದು ಬಹಳ ಇತ್ತು, ಓಡಿಸಿಕೊಂಡೇ ಹೇಳುತ್ತೇನೆ. ಕನ್ನಡದಲ್ಲಿ ನಾವು ಪೈಗಂಬರ್ ಎನ್ನುತ್ತೇವಲ್ಲ, ಅದು ಪರ್ಷಿಯನ್ ಪದ, ಸಂದೇಶ ಹೊತ್ತು ತರುವವನು ಎಂದರ್ಥ. ಅಲ್ಲಿ ಸೇರು ಅದೇ: ಸಂದೇಶ ಒಂದೇ ದೇವರದೋ, ಬದಲಾಗದೆ ತಲುಪಿತೋ. ಕುರಾನ್ ಹೆಸರಿಸುವ 25 ಪ್ರವಾದಿಗಳಲ್ಲಿ ಯೇಸುವೂ ಒಬ್ಬರು. ಮಸೀಹ್ ಎಂಬ ಬಿರುದೂ ಇದೆ, ಕನ್ಯೆಯ ಮಗ ಎಂಬುದೂ ಇದೆ. ದೇವರ ಮಗ ಎಂಬುದಿಲ್ಲ. ಶಿಲುಬೆಯ ಸಾವೂ ಇಲ್ಲ. ಸಂದೇಶ ತರುವುದೇ ಕೆಲಸವಾದ ಮೇಲೆ ಆ ಸಾವಿನ ಅಗತ್ಯ ಅಲ್ಲಿ ಬೀಳುವುದಿಲ್ಲ.

ಆದರೆ 33ನೇ ಅಧ್ಯಾಯದ 40ನೇ ವಚನ ಮುಹಮ್ಮದರನ್ನು ಪ್ರವಾದಿಗಳ ಖಾತಮ್ ಎನ್ನುತ್ತದೆ. ಖಾತಮ್ ಎಂದರೆ ಮುದ್ರೆ. ಕಾಗದ ಮಡಿಸಿ ಅರಗಿನ ಮುದ್ರೆ ಒತ್ತಿದ ಮೇಲೆ ಒಳಗೆ ಇನ್ನೊಂದು ಸಾಲು ಸೇರಿಸುವಂತಿಲ್ಲ, ಆದ್ದರಿಂದ ಅವರೇ ಕೊನೆಯವರು ಎಂಬುದು ಸುನ್ನಿ, ಶಿಯಾ ಇಬ್ಬರ ಓದು. ಕಾದಿಯಾನಿನ ಮಿರ್ಜಾ ಗುಲಾಂ ಅಹ್ಮದರು 1889ರಲ್ಲಿ ಕಟ್ಟಿದ ಅಹ್ಮದೀಯ ಪಂಥದವರು ಅದೇ ಮುದ್ರೆಯನ್ನು ಬೇರೆ ರೀತಿ ಓದುತ್ತಾರೆ. ಹೊಸ ಕಾನೂನು ತರದೆ, ಮುಹಮ್ಮದರ ಅಧೀನದಲ್ಲೇ ಇರುವ ಪ್ರವಾದಿ ಬರಬಹುದು ಎನ್ನುತ್ತಾರೆ. ಈ ಒಂದು ಪದದ ಮೇಲೆ 1974ರಲ್ಲಿ ಪಾಕಿಸ್ತಾನದ ಸಂವಿಧಾನಕ್ಕೇ ತಿದ್ದುಪಡಿ ಬಂತು, ಅವರು ಮುಸ್ಲಿಮರಲ್ಲ ಎಂದು ಬರೆಯಲಾಯಿತು. 1863ರಲ್ಲಿ ಬಾಗ್ದಾದಿನ ಒಂದು ತೋಟದಲ್ಲಿ ತಾನೇ ದೇವರು ಕಳಿಸಿದವನು ಎಂದು ಘೋಷಿಸಿಕೊಂಡ ಬಹಾಉಲ್ಲಾರ ಅನುಯಾಯಿಗಳು, ಬಹಾಯಿಗಳು, ಒಂದು ಯುಗದ ಕಾಗದಕ್ಕೆ ಮುದ್ರೆ ಬಿತ್ತು, ಮುಂದಿನ ಯುಗಕ್ಕೆ ಹೊಸ ಕಾಗದ ಎನ್ನುತ್ತಾರೆ.

ಇನ್ನು ಇರಾಕ್, ಇರಾನಿನ ನದೀತೀರದ ಮಾಂದಾಯಿಗಳು ಎಂಬ ಪುಟ್ಟ ಧರ್ಮದವರು ಉಳಿದರು. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನ ಅವರಿಗೆ ಮಹಾಗುರು, ಸ್ನಾನ ಮಾಡಿಸಿಕೊಂಡ ಯೇಸು ಸುಳ್ಳು ಪ್ರವಾದಿ. ಅವರ ಸೇರು ಹರಿಯುವ ನೀರು. ಅದನ್ನು ಬಿಡಿಸಿ ಹೇಳಲು ಇನ್ನೂ ಹತ್ತು ನಿಮಿಷ ಬೇಕು, ಇಲ್ಲಿ ಕೆಂಪು ದೀಪ ಹತ್ತಿಬಿಟ್ಟಿದೆ. ನಮಸ್ಕಾರ.