ವೀಳ್ಯದೆಲೆ ಕಾಯಿಪಲ್ಲೆಯೇ?

ಕೇಳುಗರಿಗೆ ನಮಸ್ಕಾರ.

ಕೊಪ್ಪಳದ ಸಂತೆಗೆ ಕಾಯಿಪಲ್ಲೆ ತರಲು ಹೋದವರು ಬರಿಯ ವೀಳ್ಯದೆಲೆಯ ಕಟ್ಟು ಹಿಡಿದು ಬಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಇದೇ ಪ್ರಶ್ನೆ 1961ರಲ್ಲಿ ಮಾರಾಟ ತೆರಿಗೆಯ ತಕರಾರಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕಾಯ್ದೆಯು ‘ವೆಜಿಟೆಬಲ್ಸ್’ಗೆ ತೆರಿಗೆಯಿಂದ ವಿನಾಯಿತಿ ನೀಡಿದೆ, ನಿಘಂಟಿನಲ್ಲಿ ಆ ಪದಕ್ಕೆ ಗಿಡಬಳ್ಳಿಗಳಿಗೆ ಸಂಬಂಧಿಸಿದ್ದು ಎಂಬ ಅರ್ಥವೂ ಇದೆ, ಹಾಗಾಗಿ ವೀಳ್ಯದೆಲೆಯೂ ಅದರಲ್ಲಿ ಸೇರಬೇಕು ಎಂಬುದು ಅಕೋಲಾದ ಎಲೆ ವ್ಯಾಪಾರಿಯ ವಾದ. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ದಿನಬಳಕೆಯ ಪದವನ್ನು ಸಸ್ಯಶಾಸ್ತ್ರದ ಕಣ್ಣಿನಿಂದಲ್ಲ, ಕೊಳ್ಳುವವರೂ ಮಾರುವವರೂ ಆಡುವ ಅರ್ಥದಲ್ಲಿಯೇ ಓದಬೇಕು ಎಂದಿತು. ಜೊತೆಗೆ, ವಿನಾಯಿತಿ ಪಡೆದ ವಸ್ತುಗಳನ್ನು ಪಟ್ಟಿಮಾಡಿದ ಕಾಯ್ದೆಯ ಅನುಸೂಚಿಯಲ್ಲಿ ಮೊದಲು ವೀಳ್ಯದೆಲೆಗೆ ಬೇರೆಯದೇ ನಮೂದು ಇದ್ದು, ಶಾಸಕಾಂಗವು ಅದನ್ನು ಮುಂದೆ ತೆಗೆದುಹಾಕಿತ್ತು. ತರಕಾರಿಯಲ್ಲೇ ಎಲೆಯೂ ಅಡಗಿದ್ದರೆ ಬೇರೆ ನಮೂದು ಏಕೆ ಬೇಕಿತ್ತು? ನನ್ನ ದೃಷ್ಟಿಯಲ್ಲಿ ಆ ತೀರ್ಪಿನ ಗಟ್ಟಿತನವಿರುವುದು ಈ ಎರಡನೆಯ ಕಾರಣದಲ್ಲಿ, ಏಕೆಂದರೆ ಅದು ಕಾಯ್ದೆಯ ಒಡಲೊಳಗಿನಿಂದಲೇ ದೊರೆತ ಸಾಕ್ಷ್ಯ.

ಆದರೆ ಕಾನೂನೇ ಪದಕ್ಕೆ ಅರ್ಥ ಬರೆದಿಟ್ಟಿದ್ದರೆ ರೂಢಿಯ ಮಾತು ಹಿಂದೆ ಸರಿಯುತ್ತದೆ. 1800ರಲ್ಲಿಯೇ ನಿಜಾಮರ ಕೈಯಿಂದ ಬ್ರಿಟಿಷರಿಗೆ ಹೋಗಿ, 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿಯನ್ನು ಹಿರಿಯರು ಹೈದರಾಬಾದ್ ಸೀಮೆಯೆಂದು ಕರೆದವರಲ್ಲ. ಆದರೂ ನಮ್ಮ ಭಾಗಕ್ಕೆ ವಿಶೇಷ ಅವಕಾಶ ಕಲ್ಪಿಸುವ ಸಂವಿಧಾನದ 371-ಜೆ ವಿಧಿಯಡಿ 2013ರಲ್ಲಿ ಹೊರಟ ಆದೇಶಗಳು ಹೈದರಾಬಾದ್-ಕರ್ನಾಟಕ ಪ್ರದೇಶದ ಜಿಲ್ಲೆಗಳನ್ನು ಹೆಸರಿಸುವಾಗ ರಾಯಚೂರು, ಕೊಪ್ಪಳಗಳೊಂದಿಗೆ ಬಳ್ಳಾರಿಯನ್ನೂ ಸೇರಿಸಿದವು. ಅಲ್ಲಿಗೆ ಚರಿತ್ರೆಯ ವಾದ ಮುಗಿಯಿತು.

ಅದೇ ವಿಧಿಯು ಜನನದಿಂದ ‘ಅಥವಾ’ ಡೊಮಿಸೈಲ್‌ನಿಂದ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳಿಗೆ ಸೀಟುಗಳನ್ನು ಮೀಸಲಿಡಲು ಅವಕಾಶ ನೀಡುತ್ತದೆ. ‘ಅಥವಾ’ ಎಂದಿರುವುದರಿಂದ ಎರಡರಲ್ಲಿ ಒಂದಿದ್ದರೆ ಸಾಕು. ಆ ಜಾಗದಲ್ಲಿ ‘ಮತ್ತು’ ಇದ್ದಿದ್ದರೆ, ಬೇರೆಡೆ ಹುಟ್ಟಿ ಸಿಂಧನೂರಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಹೊರಗುಳಿಯುತ್ತಿದ್ದರು. ಇನ್ನು ಡೊಮಿಸೈಲ್ ಎಂಬುದು ಕಾನೂನಿನ ಪಾರಿಭಾಷಿಕ ಪದ; ಒಬ್ಬರ ಕಾಯಂ ನೆಲೆ ಯಾವ ದೇಶದ ಕಾನೂನು ವ್ಯವಸ್ಥೆಗೆ ಸೇರಿದ್ದು ಎಂಬುದನ್ನು ಅದು ಹೇಳುತ್ತದೆ. ಆ ಕಟ್ಟುನಿಟ್ಟಿನ ಅರ್ಥದಲ್ಲಿ ಇಡೀ ಭಾರತಕ್ಕೆ ಇರುವುದು ಒಂದೇ ಡೊಮಿಸೈಲ್ ಎಂದು 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟು, ರಾಜ್ಯಗಳ ಪ್ರವೇಶ ನಿಯಮಗಳಲ್ಲಿ ಆ ಪದ ಜನರಾಡುವ ಅರ್ಥದಲ್ಲಿ, ಅಂದರೆ ಕಾಯಂ ಆಗಿ ಉಳಿಯುವ ಮನಸ್ಸಿನಿಂದ ನೆಲಸಿರುವುದು ಎಂಬ ಅರ್ಥದಲ್ಲಿ ಬಳಕೆಯಾಗಿದೆ ಎಂದು ವಿವರಿಸಿತು. ನಮ್ಮ ಭಾಗದ ವಿದ್ಯಾರ್ಥಿಯ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತ ಅಧಿಕಾರಿಯೂ ಆ ಪದವನ್ನು ಅಷ್ಟೇ ಎಚ್ಚರದಿಂದ ಓದಲಿ ಎಂಬುದು ನನ್ನ ಬಿನ್ನಹ.

ನಮಸ್ಕಾರ.